ಅರ್ವಿಡ್ ಕಾರ್ಲ್‌ಸನ್ (1923–2018): ಡೋಪಮಿನ್ ಮತ್ತು ಮನೋರೋಗ ಸಂಶೋಧನೆ

ಪರಿಚಯ
- ಸ್ವೀಡನ್ನಿನ ನರವಿಜ್ಞಾನಿ, ಔಷಧಶಾಸ್ತ್ರಜ್ಞ.
- ಜನನ: 25 ಜನವರಿ 1923, ಉಪ್ಸಾಲಾ. ನಿಧನ: 29 ಜೂನ್ 2018.
- ಲುಂಡ್ ವಿಶ್ವವಿದ್ಯಾಲಯದಲ್ಲಿ ವೈದ್ಯಕೀಯ ಶಿಕ್ಷಣ. 1959ರಿಂದ 1989ರವರೆಗೆ ಗೋಥೆನ್‌ಬರ್ಗ್ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕ.

ಪ್ರಮುಖ ಸಂಶೋಧನೆಗಳು
- ಡೋಪಮಿನ್: ಇದು ನಾರ್‌ಅಡ್ರಿನಲಿನ್ ತಯಾರಿಕೆಯ ನಡುವಿನ ಹಂತ ಮಾತ್ರ ಎಂಬುದು ಆಗಿನ ನಂಬಿಕೆ. ಡೋಪಮಿನ್ ಸ್ವತಂತ್ರ ನರವಾಹಕ ಎಂದು 1950ರ ದಶಕದ ಕೊನೆಯಲ್ಲಿ ಕಾರ್ಲ್‌ಸನ್ ತೋರಿಸಿದರು.
- ಪ್ರಯೋಗ: ಮಿದುಳಿನ ಡೋಪಮಿನ್ ಬರಿದುಮಾಡುವ ರಿಸರ್ಪಿನ್ ಕೊಟ್ಟ ಮೊಲಗಳು ಚಲನೆ ಕಳೆದುಕೊಂಡವು, ಡೋಪಮಿನ್ ಆಗಿ ಬದಲಾಗುವ ಎಲ್-ಡೋಪಾ ಚುಚ್ಚಿದಾಗ ಚೇತರಿಸಿಕೊಂಡವು. ಪಾರ್ಕಿನ್‌ಸನ್ ಕಾಯಿಲೆಗೆ ಎಲ್-ಡೋಪಾ ಚಿಕಿತ್ಸೆಗೆ ಇದೇ ದಾರಿ ತೆರೆಯಿತು.
- ಸ್ಕಿಜೋಫ್ರೀನಿಯಾ: ಕ್ಲೋರ್‌ಪ್ರೊಮಜಿನ್, ಹಾಲೋಪೆರಿಡಾಲ್ ಔಷಧಗಳು ಮಿದುಳಿನಲ್ಲಿ ಡೋಪಮಿನ್ ಮುಂತಾದ ನರವಾಹಕಗಳ ಗ್ರಾಹಕಗಳನ್ನು ತಡೆಯುವ ಮೂಲಕ ಕೆಲಸ ಮಾಡುತ್ತವೆ ಎಂದು 1963ರಲ್ಲಿ ಸೂಚಿಸಿದರು. ಈ ಕಾಯಿಲೆಯ 'ಡೋಪಮಿನ್ ಸಿದ್ಧಾಂತ'ಕ್ಕೆ ಇದು ಬುನಾದಿ.
- ಖಿನ್ನತೆ: ಸೆರೊಟೋನಿನ್ ಮರುಹೀರಿಕೆ ತಡೆಯುವ ಜಿಮೆಲಿಡಿನ್ ಔಷಧದ ಅಭಿವೃದ್ಧಿಯಲ್ಲಿ ಪಾಲು. ತೀವ್ರ ಅಡ್ಡಪರಿಣಾಮಗಳಿಂದಾಗಿ 1983ರಲ್ಲಿ ಅದನ್ನು ಮಾರುಕಟ್ಟೆಯಿಂದ ಹಿಂಪಡೆಯಲಾಯಿತು.

ಪ್ರಶಸ್ತಿಗಳು
- ವುಲ್ಫ್ ಪ್ರಶಸ್ತಿ (1979), ಜಪಾನ್ ಪ್ರಶಸ್ತಿ (1994).
- ವೈದ್ಯಕೀಯ ನೊಬೆಲ್ (2000): ಪಾಲ್ ಗ್ರೀನ್‌ಗಾರ್ಡ್, ಎರಿಕ್ ಕ್ಯಾಂಡೆಲ್ ಜೊತೆ ಹಂಚಿಕೆ.

ಭಾರತದ ನಂಟು
- ರಿಸರ್ಪಿನ್ ದೊರೆಯುವುದು ಸರ್ಪಗಂಧದ ಬೇರಿನಿಂದ. ವೈಜ್ಞಾನಿಕ ಹೆಸರು: ರೌವೋಲ್ಫಿಯಾ ಸರ್ಪೆಂಟಿನಾ. ಆಯುರ್ವೇದದಲ್ಲಿ ಬಹುಕಾಲದಿಂದ ಬಳಕೆಯಲ್ಲಿದೆ.

ಗೊಂದಲ ಬೇಡ
- ಡೋಪಮಿನ್ ಕೊರತೆ – ಪಾರ್ಕಿನ್‌ಸನ್.
- ಡೋಪಮಿನ್ ಅತಿಚಟುವಟಿಕೆ – ಸ್ಕಿಜೋಫ್ರೀನಿಯಾ (ಸಿದ್ಧಾಂತದ ಪ್ರಕಾರ).
- ಕ್ಯಾಂಡೆಲ್ – ನೆನಪಿನ ಶಕ್ತಿಯ ಅಧ್ಯಯನ, ಕಡಲ ಬಸವನಹುಳು ಅಪ್ಲೀಸಿಯಾ.

ಮಾದರಿ ಪ್ರಶ್ನೆ
ಎಲ್-ಡೋಪಾ ಯಾವ ಕಾಯಿಲೆಯ ಚಿಕಿತ್ಸೆಗೆ ಬಳಕೆಯಾಗುತ್ತದೆ?
(ಎ) ಮಧುಮೇಹ (ಬಿ) ಪಾರ್ಕಿನ್‌ಸನ್ (ಸಿ) ಅಪಸ್ಮಾರ (ಡಿ) ಕ್ಷಯ
ಉತ್ತರ: (ಬಿ)