ಟಿಕೆಟ್ ದುಡ್ಡು ಮತ್ತು ಯೊಕೊಹಾಮಾದ ಫೈನಲ್

2019ರ ನವೆಂಬರ್ 1, ಶುಕ್ರವಾರ. ಊರಿನಲ್ಲಿ ರಾಜ್ಯೋತ್ಸವ. ನಾನು ಲಂಡನ್ನಿನ ಹೌನ್ಸ್ಲೋದಲ್ಲಿ ಕೆಲಸ ಮುಗಿಸಿ ಬರುವಾಗ ಬಸ್ ನಿಲ್ದಾಣದ ಎದುರಿನ ಬೆಟ್ಟಿಂಗ್ ಅಂಗಡಿಗೆ ಹೋದೆ. ಮರುದಿನ ಜಪಾನಿನ ಯೊಕೊಹಾಮಾದಲ್ಲಿ ರಗ್ಬಿ ವಿಶ್ವಕಪ್ ಫೈನಲ್, ಇಂಗ್ಲೆಂಡಿಗೂ ದಕ್ಷಿಣ ಆಫ್ರಿಕಾಕ್ಕೂ. ಇಂಗ್ಲೆಂಡ್ ಗೆಲ್ಲುತ್ತದೆ ಎಂದು 350 ಪೌಂಡ್ ಕಟ್ಟಿ, ಚೀಟಿಯನ್ನು ಪರ್ಸಿನಲ್ಲಿಟ್ಟುಕೊಂಡು ಮನೆಗೆ ಬಂದೆ.

ಅದು ಡಿಸೆಂಬರ್‌ನಲ್ಲಿ ಊರಿಗೆ ಹೋಗಲು ಕೂಡಿಟ್ಟ ದುಡ್ಡು. ತಂಗಿಯ ಸೀಮಂತಕ್ಕೆ ದಿನ ಗೊತ್ತಾಗಿತ್ತು. ಬಾಡಿಗೆ ಮತ್ತು ಓದಿನ ಸಾಲದ ಕಂತು ಕಳೆದರೆ ಸಂಬಳದಲ್ಲಿ ಉಳಿಯುತ್ತಿದ್ದದ್ದು ಅಷ್ಟಕ್ಕಷ್ಟೆ. ಬೆಂಗಳೂರಿನ ಟಿಕೆಟ್‌ಗೆ 550 ಪೌಂಡ್ ಬೇಕು, ನನ್ನ ಹತ್ತಿರ ಇದ್ದದ್ದು 350. ಅಂಗಡಿಯಲ್ಲಿ ಇಂಗ್ಲೆಂಡಿಗೆ ಕೊಡುತ್ತಿದ್ದ ದರ 4/7. ಅಂದರೆ ಏಳು ಪೌಂಡ್ ಕಟ್ಟಿ ಗೆದ್ದರೆ, ಕಟ್ಟಿದ ಏಳರ ಜೊತೆ ನಾಲ್ಕು ಪೌಂಡ್ ಲಾಭ. 350ಕ್ಕೆ ಲೆಕ್ಕ ಹಾಕಿದರೆ ಸರಿಯಾಗಿ 200. ನನಗೆ ಕಡಿಮೆ ಬಿದ್ದದ್ದೂ ಅಷ್ಟೇ. ಆ ಎರಡು ಅಂಕಿ ಒಂದಕ್ಕೊಂದು ಕೂಡಿದ್ದೇ ಸಾಕು, ಇದು ನನಗಾಗಿಯೇ ಒದಗಿ ಬಂದ ಅವಕಾಶ ಎಂದು ಮನಸ್ಸು ನಂಬಿಬಿಟ್ಟಿತು.

ನಾನು ಕಣ್ಣು ಮುಚ್ಚಿಕೊಂಡು ಕಟ್ಟಿದವನಲ್ಲ. ಆಫೀಸಿನಲ್ಲಿ ವೇಲ್ಸ್‌ನ ಹಿರಿಯರೊಬ್ಬರು ನನಗೆ ರಗ್ಬಿ ಕಲಿಸಿದ್ದರು. ಕಡೆಗೆರೆ ದಾಟಿ ಚೆಂಡನ್ನು ನೆಲಕ್ಕೊತ್ತಿದರೆ ಟ್ರೈ, ಐದು ಅಂಕ. ಅದರ ಮೇಲಿನ ಕನ್ವರ್ಷನ್‌ಗೆ ಎರಡು, ಪೆನಾಲ್ಟಿ ಒದೆತಕ್ಕೆ ಮೂರು. ಎಂಟು ಜನರಿಗೆದುರಾಗಿ ಎಂಟು ಜನ ಹೆಗಲು ಕೊಟ್ಟು ತಳ್ಳಾಡುವ ಸ್ಕ್ರಮ್‌ನಲ್ಲಿ ಯಾರು ಕುಸಿಯುತ್ತಾರೋ ಅವರು ಸಾಮಾನ್ಯವಾಗಿ ಪೆನಾಲ್ಟಿ ತೆರುತ್ತಾರೆ. ಇಷ್ಟು ತಿಳಿದ ಮೇಲೆ ಆ ಆಟ ನನ್ನನ್ನು ಹಿಡಿದುಕೊಂಡಿತು. ವಿಶ್ವಕಪ್ ಉದ್ದಕ್ಕೂ ಪ್ರತಿ ಪಂದ್ಯಕ್ಕೆ ಮೊದಲು ನೋಟ್‌ಬುಕ್ಕಿನಲ್ಲಿ ಎರಡು ಪುಟ ಮುನ್ನೋಟ ಬರೆಯುತ್ತಿದ್ದೆ.

ಸೆಮಿಫೈನಲ್‌ನಲ್ಲಿ ಇಂಗ್ಲೆಂಡ್ ನ್ಯೂಜಿಲೆಂಡನ್ನು ಸೋಲಿಸುತ್ತದೆ ಎಂದು ಬರೆದು 20 ಪೌಂಡ್ ಕಟ್ಟಿದ್ದೆ. ದರ 5/2. ಇಂಗ್ಲೆಂಡ್ 19-7ರಿಂದ ಗೆದ್ದಿತು, ನನಗೆ 50 ಪೌಂಡ್ ಲಾಭ ಬಂತು. ಆ ಐವತ್ತು ಪೌಂಡೇ ಮುಂದಿನ ನಷ್ಟದ ಬೀಜ. ಒಂದು ಸಲ ಒದಗಿದ ಅದೃಷ್ಟವನ್ನು ನಾನು ನನ್ನ ಬಲ್ಲತನ ಎಂದು ಲೆಕ್ಕಕ್ಕೆ ಬರೆದುಕೊಂಡೆ.

ಫೈನಲ್‌ನ ಮುನ್ನೋಟ ಇಂದಿಗೂ ನನ್ನ ಬಳಿ ಇದೆ. ಇಂಗ್ಲೆಂಡಿನ ಪರವಾಗಿ ಬರೆದದ್ದು: ಸೆಮಿಫೈನಲ್ ಗೆದ್ದ ಹದಿನೈದು ಮಂದಿಯೂ ಬದಲಾಗದೆ ಇಳಿಯುತ್ತಿದ್ದಾರೆ, ಒಂದು ದಿನ ಹೆಚ್ಚು ವಿಶ್ರಾಂತಿ ಸಿಕ್ಕಿದೆ. ದಕ್ಷಿಣ ಆಫ್ರಿಕಾ ಗುಂಪಿನ ಹಂತದಲ್ಲಿ ನ್ಯೂಜಿಲೆಂಡಿಗೆ 23-13ರಲ್ಲಿ ಸೋತಿದೆ, ಸೆಮಿಫೈನಲ್‌ನಲ್ಲಿ ವೇಲ್ಸ್ ವಿರುದ್ಧ 19-16ರಲ್ಲಿ ಕಷ್ಟಪಟ್ಟು ಗೆದ್ದಿದೆ. ದಕ್ಷಿಣ ಆಫ್ರಿಕಾದ ಪರವಾಗಿ ಒಂದೇ ಸಾಲು: ಬದಲಿ ಆಟಗಾರರಲ್ಲಿ ಆರು ಮಂದಿ ಸ್ಕ್ರಮ್ ತಳ್ಳುವ ಫಾರ್ವರ್ಡ್‌ಗಳು, ಸ್ಕ್ರಮ್ ಬಲ ಕೊನೆಯವರೆಗೂ ಇಳಿಯುವುದಿಲ್ಲ. ಬರೆದದ್ದರಲ್ಲಿ ತಪ್ಪೇನೂ ಇರಲಿಲ್ಲ. ಆದರೆ ಅದೆಲ್ಲವೂ ದರ ಬರೆಯುವವರಿಗೆ ನನಗಿಂತ ಮೊದಲೇ ಗೊತ್ತಿತ್ತು. ಇಂಗ್ಲೆಂಡ್ ಬಲಿಷ್ಠ ಎಂಬುದು 4/7 ಎಂಬ ಅಂಕಿಯೊಳಗೇ ಕೂತಿತ್ತು.

ಶನಿವಾರ ಬೆಳಗ್ಗೆ ಒಂಬತ್ತಕ್ಕೆ ಟಿವಿ ಮುಂದೆ ಕೂತೆ. ಮೂರನೇ ನಿಮಿಷಕ್ಕೇ ಇಂಗ್ಲೆಂಡಿನ ಪ್ರಾಪ್ ಕೈಲ್ ಸಿಂಕ್ಲರ್ ತಲೆಗೆ ಪೆಟ್ಟು ಬಿದ್ದು ಮೈದಾನ ಬಿಟ್ಟರು. ಸ್ಕ್ರಮ್‌ನ ಬಲಗಂಬದಂಥ ಜಾಗ ಅದು. ಅವರ ಬದಲು ಬಂದ ಡ್ಯಾನ್ ಕೋಲ್ ಉಳಿದ ಆಟವನ್ನೆಲ್ಲ ಹೊರಬೇಕಾಯಿತು. ಎದುರಿಗಿದ್ದವರು ‘ಬೀಸ್ಟ್’ ಎಂದೇ ಹೆಸರಾದ ಟೆಂಡಾಯ್ ಎಂಟಾವರಿರಾ. ಸ್ಕ್ರಮ್ ಕುಸಿಯತೊಡಗಿತು, ಪೆನಾಲ್ಟಿಗಳು ಬಂದವು, ಹ್ಯಾಂಡ್ರೆ ಪೊಲಾರ್ಡ್ ಒದ್ದು ಅಂಕ ಕೂಡಿಸುತ್ತಾ ಹೋದರು. ಅರ್ಧ ಆಟಕ್ಕೆ 12-6. 66ನೇ ನಿಮಿಷದಲ್ಲಿ ಮಕಜೋಲೆ ಮಪಿಂಪಿ ಟ್ರೈ ಗಳಿಸಿದರು, ಆಮೇಲೆ ಚೆಸ್ಲಿನ್ ಕೋಲ್ಬಿ. 32-12. ದಕ್ಷಿಣ ಆಫ್ರಿಕಾ ತಂಡದ ಮೊದಲ ಕಪ್ಪು ನಾಯಕ ಸಿಯಾ ಕೊಲಿಸಿ ಕಪ್ ಎತ್ತಿ ಹಿಡಿದರು. ಚರಿತ್ರೆಯಲ್ಲಿ ಉಳಿಯುವ ಆ ಗಳಿಗೆಯನ್ನು ನಾನು ಸರಿಯಾಗಿ ನೋಡಲೂ ಇಲ್ಲ. ಕೈಯಲ್ಲಿ ಚೀಟಿ ಹಿಡಿದು ಗೋಡೆ ನೋಡುತ್ತಿದ್ದೆ.

ಹತ್ತು ಸಲ ಆಡಿಸಿ ನೋಡಿ

ಸಿಂಕ್ಲರ್ ಬಿದ್ದದ್ದರಿಂದ ಸೋತೆ ಎಂದು ತಿಂಗಳುಗಟ್ಟಲೆ ನನಗೆ ನಾನೇ ಹೇಳಿಕೊಂಡೆ. ಒಂದು ದಿನ ನೋಟ್‌ಬುಕ್ ತೆಗೆದು ಬೇರೆ ಥರ ಲೆಕ್ಕ ಹಾಕಿದೆ. ಆ ಫೈನಲ್ ಹತ್ತು ಸಲ ನಡೆದಿದ್ದರೆ ಇಂಗ್ಲೆಂಡ್ ಎಷ್ಟು ಸಲ ಗೆಲ್ಲುತ್ತಿತ್ತು? ಶುಕ್ರವಾರ ಸಂಜೆ ಯಾರಾದರೂ ಕೇಳಿದ್ದರೆ ಆರು ಸಲ ಎಂದು ಧೈರ್ಯವಾಗಿ ಹೇಳುತ್ತಿದ್ದೆ. ಆರು ಗೆಲುವಿಗೆ ತಲಾ 200ರಂತೆ 1,200 ಪೌಂಡ್ ಬರುತ್ತದೆ. ನಾಲ್ಕು ಸೋಲಿಗೆ ತಲಾ 350ರಂತೆ 1,400 ಹೋಗುತ್ತದೆ. ಕೈಯಿಂದ 200 ಪೌಂಡ್ ನಷ್ಟ.

ಈ ಲೆಕ್ಕ ಕಂಡಾಗ ನಿಜಕ್ಕೂ ಎದೆ ಧಸಕ್ಕೆಂದಿತು. ನನ್ನ ಅಭಿಪ್ರಾಯವೇ ನೂರಕ್ಕೆ ನೂರು ಸರಿ ಎಂದಿಟ್ಟುಕೊಂಡರೂ ಅದು ನಷ್ಟದ ವ್ಯವಹಾರ! ಆ ದರಕ್ಕೆ ಅಸಲು ಉಳಿಯಬೇಕಾದರೇ ಇಂಗ್ಲೆಂಡ್ ನೂರಕ್ಕೆ ಸುಮಾರು 64 ಸಲ ಗೆಲ್ಲಬೇಕಿತ್ತು. ಏಳು ಸಲ ಗೆದ್ದರೆ ಲಾಭ, ಆರು ಸಲ ಗೆದ್ದರೆ ನಷ್ಟ. ಆರಕ್ಕೂ ಏಳಕ್ಕೂ ಇರುವ ವ್ಯತ್ಯಾಸವನ್ನು ಒಂದು ಪಂದ್ಯ ನೋಡಿ ಹೇಳುವಷ್ಟು ಸೂಕ್ಷ್ಮ ನನ್ನ ಮುನ್ನೋಟದಲ್ಲಿ ಇರಲಿಲ್ಲ.

ಅಂಗಡಿಯ ಪಾಲು ಎಲ್ಲಿರುತ್ತದೆ ಎಂಬುದನ್ನೂ ನೋಡಿ. ಅವತ್ತು ದಕ್ಷಿಣ ಆಫ್ರಿಕಾಕ್ಕೆ 8/5, ಪಂದ್ಯ ಸಮವಾಗುವುದಕ್ಕೆ 25/1 ದರ ಇತ್ತು. ಕಟ್ಟುವ ಹಣವನ್ನು, ಗೆದ್ದರೆ ಕೈಗೆ ಬರುವ ಒಟ್ಟು ಹಣದಿಂದ ಭಾಗಿಸಿದರೆ ಆ ದರದೊಳಗಿನ ಶೇಕಡಾ ಸಿಗುತ್ತದೆ. ಇಂಗ್ಲೆಂಡ್ 63.6, ದಕ್ಷಿಣ ಆಫ್ರಿಕಾ 38.5, ಸಮ 3.8. ಕೂಡಿದರೆ 100 ಆಗಬೇಕು. ಸುಮಾರು 106 ಆಗುತ್ತದೆ. ಹೆಚ್ಚಿನ ಆ ಆರು ಅಂಗಡಿಯದು. ಮೂರೂ ಕಡೆ ಈ ಪ್ರಮಾಣದಲ್ಲಿ ಹಣ ಬಿದ್ದರೆ ಯಾರೇ ಗೆಲ್ಲಲಿ, ಅದು ಅವರ ಗಲ್ಲಾ ಸೇರುತ್ತದೆ.

ಷೇರುಪೇಟೆಗೂ ಇದೇ ಮಾತು

ಇಷ್ಟು ದುಬಾರಿಯಾಗಿ ಕಲಿತದ್ದು ಒಂದೇ ಪಾಠ. ವಸ್ತು ಚೆನ್ನಾಗಿದೆ ಎಂದು ತಿಳಿಯುವುದು ಬೇರೆ, ಕೇಳುತ್ತಿರುವ ಬೆಲೆಗೆ ಅದು ಯೋಗ್ಯ ಎಂದು ತಿಳಿಯುವುದು ಬೇರೆ. ಷೇರು ಕೊಳ್ಳುವಾಗಲೂ, ಸೈಟು ಕೊಳ್ಳುವಾಗಲೂ ನಾವು ಎಡವುವುದು ಇಲ್ಲಿಯೇ. ಕಂಪನಿ ಒಳ್ಳೆಯದು ಎಂದು ಪೇಟೆಗೆಲ್ಲ ಗೊತ್ತಿದ್ದರೆ ಆ ಒಳ್ಳೆಯತನದ ಬೆಲೆಯನ್ನು ನಾವು ಆಗಲೇ ತೆರುತ್ತಿರುತ್ತೇವೆ.

ಷೇರಿನ ಹಿಂದೆ ದುಡಿಯುವ ಕಂಪನಿಯಾದರೂ ಇರುತ್ತದೆ, ಬಾಜಿಯ ಹಿಂದೆ ಏನೂ ಇರುವುದಿಲ್ಲ. ಹಾಗಾಗಿ ಓದುಗರು ಬಾಜಿ ಕಟ್ಟಲಿ ಎಂದು ಇದನ್ನು ಬರೆಯುತ್ತಿಲ್ಲ. ಬ್ರಿಟನ್ನಿನಲ್ಲಿ ಅದು ಕಾನೂನುಬದ್ಧ, ಗೆದ್ದ ಹಣಕ್ಕೆ ತೆರಿಗೆಯೂ ಇಲ್ಲ. ಭಾರತದಲ್ಲಿ ಹಾಗಲ್ಲ. 2025ರ ಆಗಸ್ಟ್‌ನಲ್ಲಿ ಸಂಸತ್ತು ಒಪ್ಪಿದ ಆನ್‌ಲೈನ್ ಗೇಮಿಂಗ್ ಕಾಯ್ದೆ, ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಡೆಸುವುದನ್ನೂ ಅವುಗಳ ಜಾಹೀರಾತನ್ನೂ ಅವುಗಳಿಗೆ ಬ್ಯಾಂಕಿನ ಮೂಲಕ ಹಣ ಸಾಗಿಸುವುದನ್ನೂ ನಿಷೇಧಿಸಿದೆ. ‘ವಿದೇಶಿ ಆ್ಯಪ್, ಏನೂ ಆಗಲ್ಲ’ ಎಂದು ಗೆಳೆಯರು ಹೇಳಿದರೆ ದಯವಿಟ್ಟು ಕಿವಿಗೊಡಬೇಡಿ.

ನನಗೆ ರಗ್ಬಿ ಕಲಿಸಿದ ಹಿರಿಯರು ಒಂದು ಪಂದ್ಯಕ್ಕೆ ಐದು ಪೌಂಡ್ ಮೀರಿ ಎಂದೂ ಕಟ್ಟಿದವರಲ್ಲ. ಸಿನಿಮಾ ಟಿಕೆಟ್ಟಿಗೆ ಕೊಟ್ಟ ಹಾಗೆ, ಕೊಟ್ಟಾಗಲೇ ಆ ಹಣ ಖರ್ಚಾಯಿತು ಎಂದುಕೊಳ್ಳುತ್ತಿದ್ದರು. ನಾನು ಕಟ್ಟಿದ್ದು ಹೆಸರಿರುವ ಹಣ. ಟಿಕೆಟ್, ಶಾಲೆಯ ಫೀಸು, ಆಸ್ಪತ್ರೆ, ಮದುವೆ: ಯಾವ ಹಣಕ್ಕೆ ಆಗಲೇ ಹೆಸರಿಟ್ಟಿದ್ದೇವೋ ಅದು ಅರ್ಧ ಖರ್ಚಾದ ಹಣ, ಇನ್ನೊಬ್ಬರಿಗೆ ಕೊಟ್ಟ ಮಾತು. ಕೊರತೆ 200 ಇದ್ದರೆ ಎರಡು ತಿಂಗಳು ನೂರು ನೂರು ಉಳಿಸಬೇಕು, ಇಲ್ಲವೇ ಮನೆಯವರಿಗೆ ಹೇಳಿ ಕೇಳಬೇಕು. ಹದಿನೈದು ಮಂದಿ ಇಂಗ್ಲಿಷ್ ಆಟಗಾರರ ಹೆಗಲ ಮೇಲೆ ಅದನ್ನು ಹೊರಿಸಬಾರದು.

ಆ ಡಿಸೆಂಬರ್‌ನಲ್ಲಿ ನಾನು ಊರಿಗೆ ಹೋಗಲಿಲ್ಲ. ರಜೆ ಸಿಗಲಿಲ್ಲ ಎಂದು ಸುಳ್ಳು ಹೇಳಿದೆ. ‘ಬರ್ತೀನಿ ಅಂದಿದ್ದೆಯಲ್ಲಪ್ಪ’ ಎಂದು ಅಮ್ಮ ಒಂದೇ ಸಲ ಹೇಳಿದಳು, ಮತ್ತೆ ಆ ಮಾತು ತೆಗೆಯಲಿಲ್ಲ. ತಂಗಿ ಹಸಿರು ಸೀರೆಯುಟ್ಟು ಕೂತದ್ದನ್ನು ಫೋನಿನಲ್ಲಿ ನೋಡಿದೆ. ನಿಜ ಏನೆಂದು ಅವಳಿಗೆ ಹೇಳಲು ನಾಲ್ಕು ವರ್ಷ ಬೇಕಾಯಿತು.

ಮುನ್ನೋಟ ಬರೆಯುವುದನ್ನು ನಾನು ಬಿಟ್ಟಿಲ್ಲ. 2023ರ ವಿಶ್ವಕಪ್ ಕ್ವಾರ್ಟರ್‌ಫೈನಲ್‌ಗೆ ಐರ್ಲೆಂಡ್ 55, ನ್ಯೂಜಿಲೆಂಡ್ 45 ಎಂದು ಬರೆದು, ಹಣ ಕಟ್ಟದೆ ಕೂತೆ. ಕೊನೆಯ ಗಳಿಗೆಯಲ್ಲಿ ಐರ್ಲೆಂಡ್ ಚೆಂಡು ಬಿಡದೆ 37 ಸಲ ಮುನ್ನುಗ್ಗಿತು, ಆದರೂ 28-24ರಲ್ಲಿ ಸೋತಿತು. ಎದ್ದು ನಿಂತು ಎರಡೂ ತಂಡಕ್ಕೆ ಚಪ್ಪಾಳೆ ತಟ್ಟಿದೆ. ಆ ಹೊತ್ತಿಗೆ ನನ್ನ ಡಿಸೆಂಬರ್ ಟಿಕೆಟ್ ಮೇಜಿನ ಡ್ರಾಯರ್‌ನಲ್ಲಿತ್ತು. ಅದನ್ನು ಜುಲೈನಲ್ಲೇ ಕೊಂಡಿದ್ದೆ.