ವಿದ್ಯಾರ್ಥಿಗಳನ್ನು ಮೊದಲ ಸಲ ಫಾರಂಗೆ ಕರೆದೊಯ್ಯುವಾಗ

ಎಂ.ಎಸ್ಸಿ. ಓದುತ್ತಲೇ ಕೃಷಿ ಡಿಪ್ಲೊಮಾ ತರಗತಿಗೆ ಪಾಠ ಮಾಡತೊಡಗಿದವರ ಹೆಗಲಿಗೆ ಕ್ಷೇತ್ರ ಭೇಟಿಯ ಜವಾಬ್ದಾರಿ ಬೇಗನೆ ಬೀಳುತ್ತದೆ. ನಾನು ಮೊದಲು ಮಕ್ಕಳ ಜೊತೆ ಹೋದದ್ದು ಮಂಡ್ಯದ ವಿ.ಸಿ. ಫಾರಂಗೆ. ಎಸ್‌ಎಸ್‌ಎಲ್‌ಸಿ ಮುಗಿಸಿ ಬಂದ ಹುಡುಗ ಹುಡುಗಿಯರು, ಹೆಚ್ಚಿನವರು ರೈತರ ಮನೆಯವರೇ. ರಾಗಿ ಹೊಲದಲ್ಲೇ ಬೆಳೆದವರಿಗೆ ಮತ್ತೆ ರಾಗಿ ತೋರಿಸುವುದೇಕೆ? ಪ್ರಯೋಗದ ತಾಕಿನಲ್ಲಿ ರಾಗಿಯನ್ನು ನೋಡುವ ಬಗೆಯೇ ಬೇರೆ. ಅದನ್ನು ಕಲಿಸುವುದು ನಿಮ್ಮ ಕೆಲಸ. ಬಸ್ಸು, ಊಟ, ಹಾಜರಿಯ ವ್ಯವಸ್ಥೆಯೆಲ್ಲ ಅದು ಸುಸೂತ್ರವಾಗಿ ನಡೆಯಲೆಂದು.

ಹಂತ 1: ಬೆಳೆ ನೋಡಿ ದಿನ ಗೊತ್ತುಮಾಡಿ

ಕಾಲೇಜಿಗೆ ಬಿಡುವಿದೆಯೆಂದು ದಿನ ಇಡಬೇಡಿ. ಜುಲೈನಲ್ಲಿ ಬಿತ್ತಿದ ರಾಗಿಯ ತೆನೆ ಅಕ್ಟೋಬರ್ ಹೊತ್ತಿಗೆ ಬಲಿಯುತ್ತಿರುತ್ತದೆ. ತಳಿಗಳ ವ್ಯತ್ಯಾಸ, ರೋಗ ಎರಡೂ ಕಣ್ಣಿಗೆ ಬೀಳುವುದು ಆಗಲೇ. ಫಾರಂನವರಿಗೆ ಪತ್ರ ಬರೆದು ಒಪ್ಪಿಗೆ ಪಡೆಯಿರಿ, ಪೋಷಕರ ಒಪ್ಪಿಗೆ ಪತ್ರವನ್ನೂ ತರಿಸಿಕೊಳ್ಳಿ.

ಹಂತ 2: ಮೊದಲೇ ಒಬ್ಬರೇ ಹೋಗಿ ಬನ್ನಿ

ಬಸ್ಸು ಎಲ್ಲಿ ನಿಲ್ಲುತ್ತದೆ, ಕುಡಿಯುವ ನೀರು ಎಲ್ಲಿ ಸಿಗುತ್ತದೆ, ಹುಡುಗಿಯರಿಗೆ ಶೌಚಾಲಯ ಎಷ್ಟು ದೂರ, ಕಾಲುವೆಯ ಅಂಚು ಎಲ್ಲಿ ಜಾರುತ್ತದೆ, ಇವನ್ನೆಲ್ಲ ನೋಡಿಕೊಳ್ಳಿ. ಯಾವ ತಾಕಿಗೆ ಔಷಧಿ ಹೊಡೆದಿದ್ದಾರೆ ಎಂಬುದನ್ನು ಮಾತ್ರ ಭೇಟಿಯ ದಿನ ಬೆಳಿಗ್ಗೆಯೇ ಇನ್ನೊಮ್ಮೆ ಕೇಳಬೇಕು. ಅಂಥ ತಾಕಿಗೆ ಯಾರೂ ಇಳಿಯಕೂಡದು. ಬದಲಿಗೆ ಕೀಟನಾಶಕದ ಡಬ್ಬಿಯ ಮೇಲಿನ ಬಣ್ಣದ ಗುರುತನ್ನು ದೂರದಿಂದಲೇ ತೋರಿಸಿ: ಕೆಂಪೆಂದರೆ ಅತಿ ಹೆಚ್ಚು ವಿಷ, ನಂತರ ಹಳದಿ, ನೀಲಿ, ಹಸಿರು. ಮನೆಯಲ್ಲಿ ಅಪ್ಪ ಬಳಸುವ ಡಬ್ಬಿಯ ಬಣ್ಣ ಯಾವುದೆಂದು ನೋಡಿ ಬರಲು ಹಿಂದಿನ ದಿನವೇ ಹೇಳಿರಿ.

ಹಂತ 3: ಐದೈದು ಮಂದಿಯ ಗುಂಪು ಮಾಡಿ

ಪ್ರತಿ ಗುಂಪಿಗೆ ಒಬ್ಬರು ಹೊಣೆ. ಬಸ್ಸು ಹತ್ತುವಾಗ, ಇಳಿಯುವಾಗ, ಊಟವಾದ ಮೇಲೆ ತಲೆ ಎಣಿಸಿ. ಗೆಳೆಯರೆಲ್ಲ ಒಂದೇ ಗುಂಪಿಗೆ ಬೇಡ. ನೀರಾವರಿ ಊರಿನವರನ್ನೂ ಮಳೆಯಾಶ್ರಿತ ಊರಿನವರನ್ನೂ ಬೆರೆಸಿ. ಪಾಂಡವಪುರದ ಕಬ್ಬಿನ ಮನೆಯ ಹುಡುಗನಿಗೂ ನಾಗಮಂಗಲದ ರಾಗಿ ಮನೆಯ ಹುಡುಗಿಗೂ ಹೊಲದಲ್ಲಿ ಏಳುವ ಪ್ರಶ್ನೆ ಒಂದೇ ಅಲ್ಲ.

ಹಂತ 4: ತಾಕಿನ ಮುಂದೆ ಮೊದಲು ಸುಮ್ಮನಿರಿ

ಹೊಸಬರಿಗೆ ಅತ್ಯಂತ ಕಷ್ಟವಾದ ಹಂತ ಇದು. ಬದುವಿನ ಮೇಲೆ ನಿಂತೊಡನೆ ಗೊತ್ತಿದ್ದದ್ದನ್ನೆಲ್ಲ ಹೇಳಿಬಿಡಬೇಕೆನಿಸುತ್ತದೆ. ತಡೆಯಿರಿ. ಹತ್ತು ನಿಮಿಷ ಮಕ್ಕಳೇ ನೋಡಲಿ, ಕಂಡದ್ದನ್ನು ಬರೆದುಕೊಳ್ಳಲಿ. ಅಪ್ಪಣೆಯಿಲ್ಲದೆ ಒಂದು ತೆನೆಯನ್ನೂ ಕೀಳಬಾರದು. ಪ್ರಯೋಗದಲ್ಲಿ ಪ್ರತಿ ತೆನೆಯೂ ಲೆಕ್ಕಕ್ಕೆ ಬರುತ್ತದೆ.

ಆಗ ಪ್ರಶ್ನೆಗಳು ತಾವಾಗಿ ಏಳುತ್ತವೆ. "ಸಾರ್, ಒಂದೇ ತಳಿಯನ್ನ ಮೂರು ಕಡೆ ಯಾಕೆ ಹಾಕವ್ರೆ?" ಎಂದು ಒಬ್ಬ ಕೇಳಿದ. ಇಡೀ ಭೇಟಿಯಲ್ಲಿ ಅದಕ್ಕಿಂತ ಒಳ್ಳೆಯ ಪ್ರಶ್ನೆ ಬರಲಿಲ್ಲ. ಹೊಲದ ಒಂದು ತುದಿಯಲ್ಲಿ ತೇವ ಹೆಚ್ಚು, ಇನ್ನೊಂದು ತುದಿಯಲ್ಲಿ ಮಣ್ಣು ತೆಳು. ಒಂದೇ ಕಡೆ ಬಿತ್ತಿದರೆ ಗೆದ್ದದ್ದು ತಳಿಯೋ ಮಣ್ಣೋ ಹೇಳಲಾಗದು. ಹಾಗಾಗಿ ಪ್ರತಿ ತಳಿಯನ್ನೂ ಹಲವು ತಾಕುಗಳಲ್ಲಿ, ಚೀಟಿ ಎತ್ತಿದಂತೆ ಜಾಗ ಬದಲಿಸಿ ಬಿತ್ತುತ್ತಾರೆ. ಪುಸ್ತಕದ ಅಂಕಿಅಂಶ ಪಾಠ ಇಲ್ಲಿ ಕಾಲ ಕೆಳಗೇ ಇರುತ್ತದೆ.

ರಾಗಿ ಲಕ್ಷ್ಮಣಯ್ಯನವರ ಹೆಸರನ್ನು ಇಲ್ಲೇ ಹೇಳಿ. ಭಾರತದ ರಾಗಿಯನ್ನು ಆಫ್ರಿಕಾದ ರಾಗಿಯೊಂದಿಗೆ ಸಂಕರ ಮಾಡಿ ಇಂಡಾಫ್ ತಳಿಗಳನ್ನು ಕೊಟ್ಟವರು ಅವರು. ಕೆಲಸ ಮಾಡಿದ್ದು ಇದೇ ಫಾರಂನಲ್ಲಿ.

ಹಂತ 5: ಕೂಲಿಯಾಳುಗಳ ಬಳಿ ಕೇಳಿಸಿ

ವಿಜ್ಞಾನಿಗಳ ವಿವರಣೆ ಮುಗಿದ ಮೇಲೆ ಕಳೆ ಕೀಳುವವರ ಹತ್ತಿರ ಮಕ್ಕಳನ್ನು ಬಿಡಿ. ನಮ್ಮ ಹುಡುಗಿಯೊಬ್ಬಳು ಕೇಳಿದಳು: "ಅಕ್ಕ, ಈ ತೆನೆ ಯಾಕಿಂಗೆ ಕರ್ರಗಾಗೈತೆ?"

"ಇಲುಕು ರೋಗ ಕಣವ್ವ. ಒತ್ತಿ ನೋಡು, ಒಳ್ಗೆ ಕಾಳೇ ಇಲ್ಲ, ಬರೀ ಜೊಳ್ಳು."

ಅವಳು ಹೆಬ್ಬೆರಳಿನಿಂದ ಒತ್ತಿದಳು, ಹೊಟ್ಟು ಉದುರಿತು. ತೆನೆಯ ಕುತ್ತಿಗೆಗೆ ರೋಗ ತಗುಲಿದರೆ ಮೇಲಿನ ಕಾಳಿಗೆ ಆಹಾರ ಹೋಗುವುದಿಲ್ಲ ಎಂದು ನಾನು ವಿವರಿಸಿದ್ದು ಆಮೇಲೆ. ಈ ರೋಗವನ್ನು ತಾಳಿಕೊಳ್ಳುವ ಜಿಪಿಯು-28ರಂಥ ತಳಿಗೆ ರೈತರು ಏಕೆ ಒಲಿದರೆಂದು ಬೇರೆ ಹೇಳಬೇಕಾಗಲಿಲ್ಲ.

ಹಂತ 6: ಬಸ್ಸಿನಲ್ಲಿ ಪಾಠ ಬೇಡ

ದಣಿದಿರುತ್ತಾರೆ, ಹಾಡಿಕೊಳ್ಳಲಿ. ನೀವು ಮಾತ್ರ ಕೊನೆಯ ವಿದ್ಯಾರ್ಥಿ ಮನೆ ತಲುಪಿದ ಫೋನ್ ಬರುವವರೆಗೆ ಎಚ್ಚರವಾಗಿರಿ.

ಹಂತ 7: ಮರುದಿನ ಮೊದಲ ಅವಧಿಯಲ್ಲೇ ಮಾತಾಡಿಸಿ

ವರದಿ ಬರೆಸುವ ಮೊದಲು ಬಾಯಲ್ಲಿ ಹೇಳಿಸಿ. ಪ್ರತಿ ಗುಂಪೂ ಕಂಡ ಒಂದು ಸಂಗತಿ, ಉತ್ತರ ಸಿಗದ ಒಂದು ಪ್ರಶ್ನೆ ಹೇಳಲಿ. ಆ ಪ್ರಶ್ನೆಗಳನ್ನು ಒಟ್ಟುಮಾಡಿ, ಕೃತಜ್ಞತೆಯ ಪತ್ರದ ಜೊತೆಗೆ ಫಾರಂಗೆ ಕಳಿಸಿ. ಅದೇ ವಾರ ಕಳಿಸಿ. ಮುಂದಿನ ವರ್ಷದ ತರಗತಿಯನ್ನೂ ಅಲ್ಲಿಗೇ ಕರೆದೊಯ್ಯಬೇಕಿರುತ್ತದೆ.