ಶಾಲೆಯ ಕೈತೋಟ ಬೇಸಿಗೆ ರಜೆ ದಾಟಬೇಕಾದರೆ

ಜೂನ್ 5ರ ಪರಿಸರ ದಿನಕ್ಕೆ ಊರವರೆಲ್ಲ ಸೇರಿ ಶಾಲೆಯಲ್ಲಿ ಕೈತೋಟ ಮಾಡುತ್ತಾರೆ. ಮರುವರ್ಷ ಅದೇ ದಿನ, ಅದೇ ಜಾಗದಲ್ಲಿ ಮತ್ತೆ ಗುಂಡಿ ತೋಡುತ್ತಾರೆ. ರಾಜ್ಯದಲ್ಲಿ ಬಿಸಿಯೂಟದ ಅಕ್ಷರ ದಾಸೋಹ ಯೋಜನೆ ಶುರುವಾದದ್ದು 2002ರಲ್ಲಿ. ಶಾಲೆಗಳಲ್ಲಿ ಪೌಷ್ಟಿಕ ತೋಟ ಮಾಡಿ ಎಂದು ಕೇಂದ್ರ ಸರ್ಕಾರ 2019ರಲ್ಲಿ ಮಾರ್ಗಸೂಚಿಯನ್ನೂ ಕೊಟ್ಟಿದೆ. ಜನರಿಗೆ ಉತ್ಸಾಹವೂ ಇದೆ. ಎಡವುತ್ತಿರುವುದು ಎಲ್ಲಿ ಎಂಬುದನ್ನು ಇಲ್ಲಿ ಹೇಳುತ್ತೇನೆ.

ಗುದ್ದಲಿ ಹಿಡಿಯುವ ಮೊದಲು ಬಿಸಿಯೂಟದ ಅಡುಗೆಯವರನ್ನು ಕೇಳಿ. ಎಂಬತ್ತು ಮಕ್ಕಳ ಸಾಂಬಾರಿಗೆ ನಿಮ್ಮ ನಾಲ್ಕು ಟೊಮೆಟೊ, ಎರಡು ಎಲೆಕೋಸು ಯಾವ ಮೂಲೆಗೂ ಸಾಲದು. ದಿನಾ ಕರಿಬೇವು, ವಾರಕ್ಕೆರಡು ಸಲ ಸೊಪ್ಪು ಸಿಕ್ಕರೆ ಅವರಿಗೆ ನಿಜಕ್ಕೂ ಅನುಕೂಲ. ಹಾಗಾಗಿ ನುಗ್ಗೆ, ಬಸಳೆ, ಕರಿಬೇವು, ಪಪ್ಪಾಯಿ, ಬಾಳೆ ಮೊದಲು; ಒಂದೆರಡು ಮಡಿ ದಂಟು ಆಮೇಲೆ.

ನುಗ್ಗೆಗೆ ಮಣಿಕಟ್ಟಿನಷ್ಟು ದಪ್ಪದ, ಮೂರಡಿ ಉದ್ದದ ಕೊಂಬೆ ತಂದು ಒಂದಡಿ ಆಳಕ್ಕೆ ನೆಡಿ. ನೀರು ನಿಲ್ಲುವ ಜಾಗ ಬೇಡ, ತರಗತಿಯ ಕಿಟಕಿಯ ಪಕ್ಕವಂತೂ ಬೇಡವೇ ಬೇಡ. ಮಳೆಗಾಲದಲ್ಲಿ ಕಾಂಡಕ್ಕೆ ಕಂಬಳಿಹುಳುಗಳು ಗುಂಪುಗುಂಪಾಗಿ ಅಂಟಿಕೊಳ್ಳುತ್ತವೆ, ಮುಟ್ಟಿದ ಮಕ್ಕಳಿಗೆ ಮೈಯೆಲ್ಲ ತುರಿಕೆ. ಗಿಡ ಎದೆಮಟ್ಟಕ್ಕೆ ಬಂದಾಗ ತುದಿ ಚಿವುಟಿದರೆ ಕವಲೊಡೆದು ಸೊಪ್ಪು ಕೈಗೆಟಕುತ್ತದೆ. ದಂಟಿನ ಬೀಜ ಸಾಸಿವೆಗಿಂತ ಸಣ್ಣದು, ಮರಳಿನ ಜೊತೆ ಬೆರೆಸಿ ಎರಚಿ.

ಬೀಜ ಊರಿನದೇ ಇರಲಿ. ಅಂಗಡಿಯ ಪೊಟ್ಟಣದಲ್ಲಿರುವ ಗುಲಾಬಿ ಬಣ್ಣದ ಬೀಜಕ್ಕೆ ಔಷಧ ಲೇಪಿಸಿರುತ್ತಾರೆ, ಅದನ್ನು ಮಕ್ಕಳ ಕೈಗೆ ಕೊಡಬಾರದು. ಒಮ್ಮೆ ಮೂರನೇ ತರಗತಿಯ ಹುಡುಗಿಯೊಬ್ಬಳು ಅಜ್ಜಿಯ ಹಳೇ ಸೀರೆಯ ಚೂರಿನಲ್ಲಿ ಗಂಟು ಕಟ್ಟಿ ಚಪ್ಪರದವರೆ ಬೀಜ ತಂದಿದ್ದಳು. ಬಿಚ್ಚಿದರೆ ಬೂದಿ, ಒಣಗಿದ ಬೇವಿನ ಎಲೆ, ನಡುವೆ ಹನ್ನೊಂದು ಕಾಳು. ಹುಳು ಬೀಳದಂತೆ ಬೀಜ ಇಡುವುದನ್ನು ಇಡೀ ತರಗತಿ ಅವತ್ತು ಆ ಗಂಟು ನೋಡಿ ಕಲಿಯಿತು.

ಈಗ ಮುಖ್ಯ ವಿಷಯ: ಬೇಸಿಗೆ ರಜೆ. ಏಪ್ರಿಲ್ ಎರಡನೇ ವಾರದಿಂದ ಮೇ ಕೊನೆಯವರೆಗೆ ಶಾಲೆಯಲ್ಲಿ ಯಾರೂ ಇರುವುದಿಲ್ಲ, ಬಿಸಿಲು ಮಾತ್ರ ನೆತ್ತಿ ಸುಡುತ್ತಿರುತ್ತದೆ. ನಾನು ನೋಡಿದ ಹಾಳುಬಿದ್ದ ತೋಟಗಳಲ್ಲಿ ಹೆಚ್ಚಿನವು ಸತ್ತದ್ದು ಈ ಆರೇಳು ವಾರಗಳಲ್ಲೇ. ಒಂದು ಊರಿನಲ್ಲಿ ನೀರು ಹಾಕಲು ಎಂಟು ಮನೆಯವರು ಒಪ್ಪಿದ್ದರು, ಪಾಳಿಯನ್ನೂ ಬರೆದಿದ್ದರು. ಗೇಟಿನ ಬೀಗದ ಕೈ ಮಾತ್ರ ಮುಖ್ಯ ಶಿಕ್ಷಕರ ಜೊತೆ ಅವರ ಊರಿಗೆ ಹೋಗಿತ್ತು. ಕೊಡ ಹಿಡಿದು ಬಂದ ಹೆಂಗಸರು ಗೇಟಿನಾಚೆಯಿಂದಲೇ ಬಾಡಿದ ಬಸಳೆ ನೋಡಿ ವಾಪಸ್ ಹೋದರು. ಆದ್ದರಿಂದ ಮಾರ್ಚ್‌ನಲ್ಲೇ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ (ಎಸ್‌ಡಿಎಂಸಿ) ಸಭೆ ಕರೆಯಿರಿ. ಯಾವ ವಾರ ಯಾರ ಮನೆ, ಎರಡನೇ ಕೀಲಿ ಯಾರ ಹತ್ತಿರ, ನಲ್ಲಿಯಲ್ಲಿ ನೀರು ಎಷ್ಟು ಹೊತ್ತಿಗೆ ಬರುತ್ತದೆ, ಇಷ್ಟನ್ನೂ ನಡಾವಳಿಯಲ್ಲಿ ಬರೆಸಿ. ನೀರು ಹಾಕಿದವರಿಗೇ ಆ ವಾರದ ಸೊಪ್ಪು ಎಂದು ಹೇಳಿಬಿಡಿ. ಪುಕ್ಕಟೆ ದುಡಿಮೆ ಎರಡು ವಾರಕ್ಕಿಂತ ಹೆಚ್ಚು ನಡೆಯುವುದಿಲ್ಲ, ಅದನ್ನು ನಿರೀಕ್ಷಿಸುವುದೂ ನ್ಯಾಯವಲ್ಲ. ಬುಡಕ್ಕೆ ನಾಲ್ಕು ಬೆರಳು ದಪ್ಪ ತರಗೆಲೆ ಹೊದಿಸಿ. ಎಳೆಯ ಗಿಡಗಳ ಪಕ್ಕ ಮಣ್ಣಿನ ಕುಡಿಕೆಯನ್ನು ಕತ್ತಿನವರೆಗೆ ಹೂತು, ನೀರು ತುಂಬಿ, ಬಾಯಿ ಮುಚ್ಚಿ. ಒಸರುವ ನೀರು ಬೇರಿಗೆ ಸಿಗುತ್ತದೆ, ದಿನಾ ಬರಬೇಕಾದ ಕಷ್ಟ ತಪ್ಪುತ್ತದೆ.

ಶಾಲೆ ನಡೆಯುವಾಗ ತಟ್ಟೆ ತೊಳೆದ ನೀರನ್ನು ಜಲ್ಲಿ ತುಂಬಿದ ಗುಂಡಿಯ ಮೂಲಕ ಬಾಳೆಗೆ ಬಿಡಿ. ಸೋಪಿನ ನೀರು ದಂಟಿನ ಮಡಿಗೆ ಬೇಡ.

ಇನ್ನು ಊಟದ ಪಾಠ. ಸೊಪ್ಪಿನಲ್ಲಿರುವ ಎ ಜೀವಸತ್ವಕ್ಕೆ ಮೂಲವಾದ ಬಣ್ಣದ ಅಂಶ ಮೈಗೆ ಹತ್ತಲು ಸ್ವಲ್ಪ ಎಣ್ಣೆ ಬೇಕು, ಕಬ್ಬಿಣದ ಅಂಶ ಹತ್ತಲು ನಿಂಬೆ ಹುಳಿ ಸಹಾಯಕ. ಊಟದ ಜೊತೆ ಚಹಾ ಬೇಡ. ತೋಟದಲ್ಲಿ ಚಕ್ರಮುನಿ ಇದ್ದರೆ ಆ ಸೊಪ್ಪನ್ನು ಬೇಯಿಸಿಯೇ ತಿನ್ನಿಸಿ. ಅದರ ಹಸಿ ರಸವನ್ನು ವಿಪರೀತ ಕುಡಿದು ತೈವಾನ್‌ನಲ್ಲಿ 1990ರ ದಶಕದಲ್ಲಿ ಜನರ ಶ್ವಾಸಕೋಶ ಹಾಳಾಗಿತ್ತು. ಕೊಯ್ದ ದಿನ ತೂಕ ಹಾಕಿ ಅಡುಗೆಮನೆಯ ಗೋಡೆಯ ಹಲಗೆಯಲ್ಲಿ ಮಕ್ಕಳ ಕೈಯಲ್ಲೇ ಬರೆಸಿ: ತಾರೀಖು, ಸೊಪ್ಪಿನ ಹೆಸರು, ಎಷ್ಟು ಕೆ.ಜಿ.